ಸೌಮ್ಯ ಪುರುಷ ಬಂಜೆತನದ ಚಿಕಿತ್ಸೆ

ವೀರ್ಯಾಣುಗಳ ಸಂಖ್ಯೆ, ಚಲನೆ ಅಥವಾ ಆಕಾರವು ಉಲ್ಲೇಖಿತ ಮಟ್ಟಕ್ಕಿಂತ ತುಸು ಕಡಿಮೆಯಿರುವ ಸ್ಥಿತಿಯನ್ನು ಸೌಮ್ಯ ಪುರುಷ ಬಂಜೆತನ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳು ಹಾಗೂ ಶೇ. 42ರಷ್ಟು ಚಲನಶೀಲತೆ ಕೆಳಮಿತಿಗಳು. ಇವುಗಳಿಗಿಂತ ಕಡಿಮೆಯಿದ್ದ ಮಾತ್ರಕ್ಕೆ ಸಹಜ ಗರ್ಭಧಾರಣೆ ಅಸಾಧ್ಯವಲ್ಲ. ಕನ್ನಡದ ‘ಬಂಜೆ’ ಸ್ತ್ರೀಯನ್ನಷ್ಟೇ ಸೂಚಿಸುವ ಪದ. ಪುರುಷನ ಪರೀಕ್ಷೆ ತಡವಾಗುವುದಕ್ಕೆ ಈ ಪದದ ಹಿಂದಿರುವ ನಂಬಿಕೆಯೂ ಕಾರಣವಾಗುವುದುಂಟು.

ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಆದ್ದರಿಂದ ತಂಬಾಕು, ಮದ್ಯಗಳನ್ನು ತ್ಯಜಿಸಿದ ಪರಿಣಾಮವನ್ನು ಮೂರು ತಿಂಗಳ ಬಳಿಕ ಮರುಪರೀಕ್ಷಿಸಿ ನೋಡಬೇಕು. ವೃಷಣದ ಅಭಿಧಮನಿಗಳು ಊದಿಕೊಂಡಿದ್ದರೆ (ವೆರಿಕೋಸೀಲ್) ಕೆಲವರಿಗೆ ಶಸ್ತ್ರಚಿಕಿತ್ಸೆ ನೆರವಾಗುತ್ತದೆ.

ಐಯುಐ ವಿಧಾನದಲ್ಲಿ ವೀರ್ಯವನ್ನು ಶುದ್ಧೀಕರಿಸಿ, ಚುರುಕಾದ ವೀರ್ಯಾಣುಗಳನ್ನು ಅಂಡಾಣು ಬಿಡುಗಡೆಯಾಗುವ ವೇಳೆಗೆ ತೆಳುನಳಿಕೆಯಿಂದ ಗರ್ಭಾಶಯಕ್ಕೆ ಸೇರಿಸುತ್ತಾರೆ. ಇದಕ್ಕೆ ಸ್ತ್ರೀಯ ಒಂದು ಗರ್ಭನಾಳವಾದರೂ ತೆರೆದಿರಬೇಕು. ಇದು ಸರಳವೂ ಕಡಿಮೆ ಖರ್ಚಿನದೂ ಆದರೂ ಎಲ್ಲೆಡೆ ಒಮ್ಮತವಿಲ್ಲ: ಬ್ರಿಟನ್ನಿನ ನೈಸ್ ಸಂಸ್ಥೆಯು 2013ರಲ್ಲಿ, ಇಂತಹ ದಂಪತಿಗಳಿಗೆ ಐಯುಐಯನ್ನು ವಾಡಿಕೆಯಾಗಿ ನೀಡದೆ, ಒಟ್ಟು ಎರಡು ವರ್ಷ ಸಹಜವಾಗಿ ಪ್ರಯತ್ನಿಸಿದ ಬಳಿಕ ಐವಿಎಫ್ (ಪ್ರನಾಳ ಫಲೀಕರಣ) ಪರಿಗಣಿಸುವಂತೆ ಸೂಚಿಸಿತು. ಪತ್ನಿಯ ವಯಸ್ಸು 35 ದಾಟಿದ್ದರೆ ಇಷ್ಟು ಕಾಯುವುದು ದುಬಾರಿಯಾಗಬಹುದು.

ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ ವಿಧಾನದ ಮೊದಲ ಗರ್ಭಧಾರಣೆಗಳನ್ನು ಬ್ರಸೆಲ್ಸ್‌ನ ತಂಡವು 1992ರಲ್ಲಿ ವರದಿ ಮಾಡಿತು. ಅದು ಮುಖ್ಯವಾಗಿ ತೀವ್ರ ಕೊರತೆಗೆ ಮೀಸಲು. ಸೌಮ್ಯ ಕೊರತೆಯಲ್ಲಿ ಅದಕ್ಕೇ ಮೊದಲು ಧಾವಿಸಬೇಕಾಗಿಲ್ಲ.