ಸರದಿಯೇ ಬೇಡ ಎಂದ ‘ಅಲೋಹಾ’

ಒಂದೇ ರೇಡಿಯೊ ತರಂಗಾಂತರದಲ್ಲಿ ಇಬ್ಬರು ಏಕಕಾಲಕ್ಕೆ ಸಂದೇಶ ಕಳುಹಿಸಿದರೆ ಎರಡೂ ಕಲಸಿಹೋಗುತ್ತವೆ. ಸರದಿ ಗೊತ್ತು ಮಾಡಿದರಾಯಿತು ಎಂದು ಯಾರಿಗಾದರೂ ಹೊಳೆಯುತ್ತದೆ. ಸರದಿಯೇ ಬೇಡ ಎಂದವರು ಹವಾಯಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನಾರ್ಮನ್ ಅಬ್ರಾಮ್‌ಸನ್. ಸಮುದ್ರದ ಅಲೆಗಳ ಮೇಲೆ ಜಾರುವ ಆಟದ ಹುಚ್ಚಿನಿಂದ ಆ ದ್ವೀಪಕ್ಕೆ ಬಂದು ನೆಲೆಸಿದ ವ್ಯಕ್ತಿ ಅವರು.

ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಇದ್ದದ್ದು ಹೊನೊಲುಲುವಿನಲ್ಲಿ. ದೂರದ ಶಾಖೆಗಳನ್ನು ಅದಕ್ಕೆ ದೂರವಾಣಿ ತಂತಿಯಿಂದ ಜೋಡಿಸುವುದು ದುಬಾರಿ. ಅಲ್ಲದೆ, ಕಂಪ್ಯೂಟರ್ ಮುಂದೆ ಕುಳಿತವರು ಒಂದು ಸಾಲು ಟೈಪ್ ಮಾಡಿ ಬಹಳ ಹೊತ್ತು ಯೋಚಿಸುತ್ತಾರೆ. ಅಷ್ಟೂ ಹೊತ್ತು ತಂತಿ ಸುಮ್ಮನೆ ಬಿದ್ದಿರುತ್ತದೆ. ಒಬ್ಬೊಬ್ಬರಿಗೂ ಸರದಿ ಕಾದಿರಿಸಿದರೂ ಇದೇ ಪಾಡು.

1971ರ ಜೂನ್‌ನಲ್ಲಿ ಆರಂಭವಾದ ‘ಅಲೋಹಾ’ ಜಾಲದ ನಿಯಮ ಸರಳ. (ಅಲೋಹಾ ಎಂದರೆ ಹವಾಯಿಯಲ್ಲಿ ಭೇಟಿಯಾದಾಗಲೂ ಬೀಳ್ಕೊಡುವಾಗಲೂ ಹೇಳುವ ಮಾತು.) ಸಂದೇಶ ಸಿದ್ಧವಾದೊಡನೆ ಕಳುಹಿಸಿಬಿಡಿ. ಕೇಂದ್ರದಿಂದ ‘ತಲುಪಿತು’ ಎಂಬ ಉತ್ತರ ಬಂದರೆ ಸರಿ. ಬಾರದಿದ್ದರೆ ಡಿಕ್ಕಿಯಾಗಿದೆ ಎಂದುಕೊಂಡು, ಸ್ವಲ್ಪ ತಡೆದು ಮತ್ತೆ ಕಳುಹಿಸಿ. ಗುಟ್ಟಿರುವುದು ಈ ‘ಸ್ವಲ್ಪ’ದಲ್ಲೇ. ಕಿರಿದಾದ ಬಾಗಿಲಲ್ಲಿ ಎದುರಾದ ಇಬ್ಬರು ‘ನೀವು ಹೋಗಿ’ ಎಂದು ಒಟ್ಟಿಗೇ ನಿಂತು, ಮತ್ತೆ ಒಟ್ಟಿಗೇ ಹೆಜ್ಜೆ ಇಡುವುದುಂಟಲ್ಲ, ಇಬ್ಬರೂ ಸಮನಾಗಿ ಕಾದರೆ ಇಲ್ಲೂ ಅದೇ ಕಥೆ. ಆದ್ದರಿಂದ ಕಾಯುವ ಅವಧಿ ಚೀಟಿ ಎತ್ತಿದಂತೆ ಪ್ರತಿಸಲವೂ ಬೇರೆಯಾಗಿರಬೇಕು.

ಈ ಸ್ವಾತಂತ್ರ್ಯ ಪುಕ್ಕಟೆಯಲ್ಲ. ಸಂದೇಶಗಳು ಹೆಚ್ಚಿದಂತೆ ಡಿಕ್ಕಿ, ಅದರಿಂದ ಮರುರವಾನೆ, ಅದರಿಂದ ಮತ್ತಷ್ಟು ಡಿಕ್ಕಿ. ದಾರಿಯ ಸಾಮರ್ಥ್ಯದಲ್ಲಿ ದಕ್ಕುವುದು ಹೆಚ್ಚೆಂದರೆ ಶೇಕಡ 18. ಅದನ್ನು ಮೀರಿ ನುಗ್ಗಿದರೆ ಯಾರ ಸಂದೇಶವೂ ತಲುಪದು. 1972ರಲ್ಲಿ ಲ್ಯಾರಿ ರಾಬರ್ಟ್ಸ್ ಒಂದು ತಿದ್ದುಪಡಿ ಸೂಚಿಸಿದರು: ಕಾಲವನ್ನು ಸಮಭಾಗ ಮಾಡಿ, ಪ್ರತಿ ಭಾಗದ ಆರಂಭದಲ್ಲಷ್ಟೇ ಸಂದೇಶ ಹೊರಡಲಿ. ಒಂದರ ಬಾಲ ಇನ್ನೊಂದರ ತಲೆಗೆ ತಾಗುವುದು ತಪ್ಪಿ, ಪ್ರಮಾಣ ಶೇಕಡ 37ರ ಹತ್ತಿರಕ್ಕೆ ಏರಿತು.

ಅಬ್ರಾಮ್‌ಸನ್ ಪ್ರಬಂಧವನ್ನು ಓದಿದ ಬಾಬ್ ಮೆಟ್‌ಕಾಫ್ ಇನ್ನೂ ಮುಂದೆ ಹೋದರು. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಅವರು ರೂಪಿಸಿದ ಈಥರ್‌ನೆಟ್, ತಂತಿ ಖಾಲಿಯಿದೆಯೇ ಎಂದು ಮೊದಲು ಕಿವಿಗೊಟ್ಟು ಕೇಳುತ್ತದೆ. ಡಿಕ್ಕಿಗಳು ಹೆಚ್ಚಿದಂತೆ ಹೆಚ್ಚು ಹೊತ್ತು ಕಾಯುತ್ತದೆ. ಕಚೇರಿಗಳ ಕಂಪ್ಯೂಟರ್‌ಗಳನ್ನು ಜೋಡಿಸಿದ್ದು ಹೆಚ್ಚಾಗಿ ಇದೇ.

ಅಬ್ರಾಮ್‌ಸನ್ 2020ರಲ್ಲಿ ತೀರಿಕೊಂಡರು. ಅವರ ಉಪಾಯ ನಿಮ್ಮ ಜೇಬಿನಲ್ಲೂ ಇದೆ. ಮೊಬೈಲ್ ಗೋಪುರವು ಫೋನುಗಳಿಗೆ ಸರದಿ ಹಂಚುವುದು ನಿಜ. ಆದರೆ ಆಗಷ್ಟೇ ಚಾಲೂ ಮಾಡಿದ ಫೋನು ಅಲ್ಲಿದೆ ಎಂಬುದೇ ಗೋಪುರಕ್ಕೆ ತಿಳಿದಿರುವುದಿಲ್ಲ. ಹಾಗಾಗಿ ಆ ಮೊದಲ ಕೂಗು ಮಾತ್ರ ಇಂದಿಗೂ ಅಲೋಹಾ ಪದ್ಧತಿಯಲ್ಲೇ ಹೋಗುತ್ತದೆ.