ರೈ ಊರಿಗೆ ಅಂಟಿಕೊಂಡ ಅಕ್ಷರ

ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನಲ್ಲಿ ರೈ ಎಂಬ ಹಳೆಯ ರೇವುಪಟ್ಟಣವಿದೆ. ಮಧ್ಯಯುಗದಲ್ಲಿ ಸುತ್ತ ಬಹುಪಾಲು ನೀರೇ. ಈಗ ಹೂಳು ತುಂಬಿ ಕಡಲು ಸುಮಾರು 3 ಕಿಲೋಮೀಟರ್ ಆಚೆ ಸರಿದಿದೆ. ಹೆಸರು ಮಾತ್ರ ಇನ್ನೂ ದ್ವೀಪವೆಂದೇ ಹೇಳುತ್ತಿದೆ.

ಹಳೆಯ ಇಂಗ್ಲಿಷಿನಲ್ಲಿ ಸ್ಥಳ ಸೂಚಿಸುವ 'ಆ್ಯಟ್' ಬಂತೆಂದರೆ ಮುಂದಿನ ಆರ್ಟಿಕಲ್ಲೂ ನಾಮಪದವೂ ರೂಪ ಬದಲಿಸಬೇಕಿತ್ತು. ನಮ್ಮ ವಿಭಕ್ತಿಯ ನೆಂಟನೇ ಅನ್ನಿ. 'ದ್ವೀಪದಲ್ಲಿ' ಎನ್ನುವುದು ಕಾಲಕ್ರಮೇಣ 'ಅಟ್ಟರ್ ಈ' ಎಂದಾಯಿತು. ಆಡುಮಾತಿನಲ್ಲಿ ಆರ್ಟಿಕಲ್ಲಿನ ಕೊನೆಯ ರಕಾರ ಕಳಚಿ ನಾಮಪದಕ್ಕೆ ಅಂಟಿತು. ಊರು 'ರೀ' ಆಗಿ, ಆಮೇಲೆ ರೈ ಆಯಿತು.

ಮನುಷ್ಯರೂ ಪಾರಾಗಲಿಲ್ಲ. 'ಅಟ್ಟೆನ್ ಆ್ಯಶ್', ಅಂದರೆ ಆ್ಯಶ್ ಮರದ ಬಳಿಯವನು, ನಕಾರ ಸೇರಿಸಿಕೊಂಡು ನ್ಯಾಶ್ ಆದ. ಬಕಿಂಗ್‌ಹ್ಯಾಮ್ ಅರಮನೆಯನ್ನು ಹಿಗ್ಗಿಸಿದ ವಾಸ್ತುಶಿಲ್ಪಿ ಜಾನ್ ನ್ಯಾಶ್‌ನ ಮನೆತನದ ಹೆಸರು ಇದೇ. ಕಾಡಿನ ಬಳಿಯವನು ಆ್ಯಟ್‌ವುಡ್. ಅಲ್ಲಿ ಆರ್ಟಿಕಲ್ ಪೂರ್ತಿ ಮಾಯವಾಗಿ, ಪ್ರಿಪೊಸಿಷನ್ ಉಳಿದುಕೊಂಡಿದೆ.