ಚುಕ್ಕಿಯ ಮರೆಯಲ್ಲಿ

ಯುನಿಕ್ಸ್ ಎಳೆಯದಾಗಿದ್ದ ಕಾಲದಲ್ಲಿ ಪ್ರತಿ ಫೋಲ್ಡರಿನೊಳಗೂ ‘ಒಂದು ಚುಕ್ಕಿ’, ‘ಎರಡು ಚುಕ್ಕಿ’ ಎಂಬ ಎರಡು ಹೆಸರು ಕಾಣಿಸಿಕೊಳ್ಳುತ್ತಿದ್ದವು. ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್’ ಅವನ್ನು ತೋರಿಸದಿರಲೆಂದು, ಹೆಸರಿನ ಮೊದಲಕ್ಷರ ಚುಕ್ಕಿಯಾಗಿದ್ದರೆ ಬಿಟ್ಟುಬಿಡು ಎಂದು ಬರೆದರು. ಎರಡನ್ನು ಮುಚ್ಚಲು ಹೋಗಿ, ಚುಕ್ಕಿಯಿಂದ ಶುರುವಾಗುವ ಎಲ್ಲ ಫೈಲುಗಳೂ ಮರೆಯಾದವು. ಅದೊಂದು ಸೋಮಾರಿ ಅಡ್ಡದಾರಿ ಎಂದು ರಾಬ್ ಪೈಕ್ 2012ರಲ್ಲಿ ನೆನಪಿಸಿಕೊಂಡರು. ಜನ ಮಾತ್ರ ತಮ್ಮ ಸ್ವಂತ ಸೆಟ್ಟಿಂಗುಗಳನ್ನು ಅದೇ ಮರೆಯಲ್ಲಿ ಇಡತೊಡಗಿದ್ದರು.

ಊರವರೆಲ್ಲ ಸೇರಿ ಒಂದೇ ಕೋಡ್ ಬರೆಯುವಾಗ ಆ ಮರೆ ಸಾಲದು. ಎಡಿಟರ್ ಬಿಟ್ಟುಹೋದ ನಕಲು, ಅರ್ಧ ಬರೆದ ಟಿಪ್ಪಣಿ, ಪಾಸ್‌ವರ್ಡ್ ಇರುವ ಸ್ಕ್ರಿಪ್ಟ್ ಕೂಡ ಕೋಡಿನ ಜೊತೆ ಹೊರಟುಬಿಡಬಹುದು. ಹಳೆಯ ಸಿವಿಎಸ್‌ನಲ್ಲೂ ಇದಕ್ಕೆ ಪಟ್ಟಿ ಇಡಬಹುದಿತ್ತು: ಯೋಜನೆಯ ಫೋಲ್ಡರಿನಲ್ಲಿ ಒಂದು, ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಇನ್ನೊಂದು.

2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಗಿಟ್‌ನಲ್ಲಿ ಇಂಥ ಪಟ್ಟಿಗಳು ಮೂರು. ‘ಗಿಟ್‌ಇಗ್ನೋರ್’ ಕೋಡಿನ ಜೊತೆ ಎಲ್ಲರಿಗೂ ಹೋಗುತ್ತದೆ. ‘ಎಕ್ಸ್‌ಕ್ಲೂಡ್’ ಎಂಬುದು ಗಿಟ್‌ನ ಒಳಫೋಲ್ಡರಿನಲ್ಲಿ ಕೂತು ಆ ಒಂದು ಯೋಜನೆಗಷ್ಟೇ ಅನ್ವಯಿಸುತ್ತದೆ. ಯಾರು ನಕಲು ಇಳಿಸಿಕೊಂಡರೂ ಅದು ಅವರಿಗೆ ಸಿಗದು. ಮೂರನೆಯದು ಒಬ್ಬರ ಎಲ್ಲ ಯೋಜನೆಗಳಿಗೂ ಸೇರಿದ ಸ್ವಂತ ಪಟ್ಟಿ. 2012ರ 1.7.12 ಆವೃತ್ತಿಯಿಂದ ಇದಕ್ಕೆ ನಿಗದಿತ ಜಾಗವೂ ಇದೆ.

ಆದರೂ ಹೆಚ್ಚಿನವರಿಗೆ ಗೊತ್ತಿರುವುದು ಮೊದಲನೆಯದೊಂದೇ, ಕಲಿಸುವವರು ಅಲ್ಲಿಗೇ ನಿಲ್ಲಿಸುತ್ತಾರಲ್ಲ! ಹೀಗಾಗಿ ಯೋಜನೆಯ ಪಟ್ಟಿಗೆ ಒಬ್ಬರು ತಮ್ಮ ಎಡಿಟರ್ ಹೆಸರು ಸೇರಿಸುತ್ತಾರೆ, ಇನ್ನೊಬ್ಬರು ಮ್ಯಾಕ್‌ನ ‘ಡಿಎಸ್ ಸ್ಟೋರ್’, ಈಚೆಗೆ ಮತ್ತೊಬ್ಬರು ಎಐ ಸಹಾಯಕನಿಗೆ ಬರೆದಿಟ್ಟ ಸೂಚನೆಯ ಫೈಲು. ಯೋಜನೆ ನಡೆಸುವವರಿಗೆ ಇದು ಕಿರಿಕಿರಿ. ಬರೆದವರಿಗೆ ನಷ್ಟ ಬೇರೆ ಬಗೆಯದು. ಫೈಲು ಗುಟ್ಟಾಗಿರಲಿ ಎಂದು ಅದರ ಹೆಸರನ್ನು ಸಾರ್ವಜನಿಕ ಪಟ್ಟಿಗೆ ಸೇರಿಸುವುದೆಂದರೆ, ಅಂಥದ್ದೊಂದು ಇದೆ ಎಂದು ಡಂಗುರ ಸಾರಿದ ಹಾಗೆ.

ತಪ್ಪಿ ಒಮ್ಮೆ ಕಮಿಟ್ ಆದ ಫೈಲಿಗೆ ಈ ಮೂರರಲ್ಲಿ ಯಾವುದೂ ತಾಗುವುದಿಲ್ಲ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಳೆಯ ಪ್ರತಿ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಇತಿಹಾಸವನ್ನೇ ತಿದ್ದಿ ಬರೆಯಬಹುದು, ಆದರೆ ಅಷ್ಟರಲ್ಲಿ ನಕಲು ಇಳಿಸಿಕೊಂಡವರ ಯಂತ್ರ ಕೈಗೆ ಸಿಗದು. ಆದ್ದರಿಂದ ಪಾಸ್‌ವರ್ಡ್ ಹೊರಬಿದ್ದಿದ್ದರೆ ಅದನ್ನು ಬದಲಿಸುವುದೇ ಮೊದಲ ಕೆಲಸ.

ಮೊದಲೇ ನೋಡಿಕೊಳ್ಳಲು ದಾರಿಯಿದೆ. ‘ಚೆಕ್-ಇಗ್ನೋರ್’ ಎಂಬ ಆಜ್ಞೆಗೆ ‘ವಿ’ ಆಯ್ಕೆ ಸೇರಿಸಿ ಕೇಳಿದರೆ, ಯಾವ ಪಟ್ಟಿಯ ಎಷ್ಟನೆಯ ಸಾಲು ಆ ಫೈಲನ್ನು ಮರೆಮಾಡುತ್ತಿದೆ ಎಂದು ಗಿಟ್ ಹೇಳುತ್ತದೆ.